ಗೇಟಿನಿಂದ ಹಿಂದಿರುಗಿದ ಗಾಡಿ

ಕಳೆದ ವಾರ ಹೈದರಾಬಾದಿನ ಬೇಗಂ ಬಜಾರಿನಲ್ಲಿ ಸೋಫಾಕ್ಕೆ ಹೊದಿಕೆ ಹುಡುಕುತ್ತ ಒಂದು ಅಂಗಡಿಯ ಮುಂದೆ ನಿಂತಿದ್ದೆ. ಬಿಸಿಲಿಗೆ ಕಾದ ರೆಗ್ಜಿನ್ ಸುರುಳಿಗಳ ವಾಸನೆ ಒಮ್ಮೆಲೇ ಮೂಗಿಗೆ ಅಡರಿತು. ಅಂಗಡಿಯವನು ಯಾವ ಬಣ್ಣ ಬೇಕೆಂದು ಎರಡು ಸಲ ಕೇಳಿದ. ನಾನು ಮಾತ್ರ ತಾರ್ನಾಕದ ನಮ್ಮ ಹಳೆಯ ಓಣಿಯಲ್ಲಿ, ಎದುರುಮನೆ ಕಾಕಾನ ವ್ಯಾನಿನೊಳಗೆ ಕೂತುಬಿಟ್ಟಿದ್ದೆ...

ಕಾಕಾ ನಮಗೆ ಬಂಧುವೇನಲ್ಲ. ವಿಜಾಪುರ ಕಡೆಯವರು, ಅಪ್ಪನ ಜೊತೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರ ಹೆಂಡತಿಯನ್ನು ನಾವು ಕಾಕು ಅನ್ನುತ್ತಿದ್ದೆವು. ನಲವತ್ತು ದಾಟುವಷ್ಟರಲ್ಲೇ ಕಾಕುವಿನ ಮೊಣಕಾಲುಗಳಿಗೆ ಸಂಧಿವಾತ ಹಿಡಿದಿತ್ತು. ಬಸ್ಸಿನ ಮೆಟ್ಟಿಲು ಹತ್ತಲಾಗದು, ಲಾಡ್ಜಿನ ಪಾಯಖಾನೆಯಲ್ಲಿ ಕೂರಲಾಗದು. ಹಾಗಾಗಿ ಅವರಿಗೆ ಊರು, ಜಾತ್ರೆ, ಮದುವೆ ಎಲ್ಲ ತಪ್ಪಿಹೋದವು. ಕಾಕಾ ಒಂದು ದಿನ ಹರಾಜಿನಲ್ಲಿ ಹಳೆಯ ಆಂಬುಲೆನ್ಸ್ ಕೊಂಡು ತಂದರು. ರಜೆಯ ದಿನಗಳಲ್ಲೆಲ್ಲ ಅದರೊಳಗೇ ಇದ್ದು ಮಂಚ, ಒಲೆಕಟ್ಟೆ, ನೀರಿನ ಟಾಕಿ, ಪರದೆಯ ಹಿಂದೆ ಕಮೋಡು ಕೂಡಿಸಿದರು. ಕೂರುವಲ್ಲಿ ನೀಲಿ ರೆಗ್ಜಿನ್. ಕಾಕು ಹತ್ತಲೆಂದು ಹಿಂದಿನ ಬಾಗಿಲಿಗೆ ಹಲಗೆಯ ಇಳಿಜಾರು. ಎಷ್ಟು ಬಣ್ಣ ಬಳಿದರೂ ಕೆಂಪು ಕ್ರಾಸಿನ ಗುರುತು ಮಾತ್ರ ಹೋಗಲಿಲ್ಲ. ದಾರಿಯ ಹಳ್ಳಿಗಳಲ್ಲಿ ಜನ ಕೈ ಅಡ್ಡ ಮಾಡಿ ಡಾಕ್ಟರು ಎಲ್ಲಿ ಅಂತ ಕೇಳುತ್ತಿದ್ದರು.

ಮೊದಲಿನ ವರ್ಷಗಳಲ್ಲಿ ಅವರು ವರ್ಷಕ್ಕೆ ಐದಾರು ಸಲ ಹೊರಡುತ್ತಿದ್ದರು. ಅರ್ಧ ದಿನದ ದಾರಿಯಲ್ಲಿ ಹೊಳೆ ದಂಡೆಗೊಂದು ಮೈದಾನವಿತ್ತು. ಗೇಟಿನವನಿಗೆ ಚಹಾ ಖರ್ಚಿಗೆ ಕೊಟ್ಟರೆ ನಾಲ್ಕು ದಿನ ಗಾಡಿ ನಿಲ್ಲಿಸಬಹುದಿತ್ತು. ಇಂಥದೇ ಗಾಡಿ ಮಾಡಿಕೊಂಡಿದ್ದ ಸೊಲ್ಲಾಪುರದ ಮೇಷ್ಟ್ರ ಕುಟುಂಬವೂ ಬರುತ್ತಿತ್ತು. ಎಳ್ಳಮಾವಾಸ್ಯೆಗೆ ನಾವೂ ಮನೆಮಂದಿಯೆಲ್ಲ ಹೋಗುತ್ತಿದ್ದೆವು. ಊರ ಕಡೆ ಆ ದಿನ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೇ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಹೈದರಾಬಾದಿನಲ್ಲಿ ನಮಗೆ ಹೊಲ ಎಲ್ಲಿಂದ ಬರಬೇಕು? ಹೊಳೆ ದಂಡೆಯೇ ಹೊಲ. ಕಾಕು ಕುರ್ಚಿಯಲ್ಲಿ ಕೂತು, ಬುಟ್ಟಿಯಲ್ಲಿದ್ದ ಕಡುಬು, ಭಜ್ಜಿ, ಸಜ್ಜಿ ರೊಟ್ಟಿಯ ಚೂರುಗಳನ್ನು ನೆಲಕ್ಕೆ ಬೀರುತ್ತ ನಗುತ್ತಿದ್ದರು. ಮನೆಯಲ್ಲಿ ಆ ನಗು ನಾನು ಕಂಡದ್ದು ಕಡಿಮೆ.

ಆಮೇಲೆ ಮೈದಾನವನ್ನು ಯಾರೋ ಗುತ್ತಿಗೆಗೆ ಹಿಡಿದರು, ಗೇಟಿಗೆ ಬೋರ್ಡು ಬಂತು. ಮೊದಲು ಗಾಡಿಗೆ ಮಾತ್ರ ಶುಲ್ಕ. ಮರುವರ್ಷ ತಲೆಗಿಷ್ಟು, ನಳದ ನೀರಿಗಿಷ್ಟು. ಕಡೆಗೆ ಒಲೆ ಹಚ್ಚಿದರೆ ಅದಕ್ಕೂ ಬೇರೆ. ಮೇಷ್ಟ್ರು ಬರುವುದನ್ನು ನಿಲ್ಲಿಸಿ ಗಾಡಿ ಮಾರಿದರಂತೆ. ಕಾಕಾನ ನಾಲ್ಕು ದಿನ ಎರಡಾಯಿತು, ಎರಡು ಒಂದಾಯಿತು. ಬೇರೆ ಜಾಗ ಹುಡುಕಿದರೆ ಅಲ್ಲೂ ಇದೇ ಕಥೆ. ಕೊನೆಗೆ ಅವರು ಪೆಟ್ರೋಲ್ ಬಂಕುಗಳಲ್ಲಿ, ಢಾಬಾಗಳ ಹಿಂದೆ ಲಾರಿಗಳ ಸಾಲಿನಲ್ಲಿ ಗಾಡಿ ನಿಲ್ಲಿಸತೊಡಗಿದರು. ಅಲ್ಲಿ ನಿಂತ ಗಂಡಸರ ನಡುವೆ ಹಲಗೆ ಇಳಿಸಿ ಕೆಳಗೆ ಬರುವುದು ಕಾಕುವಿಗೆ ಸಂಕೋಚ. ಕಿಟಕಿಯಲ್ಲೇ ಕೂತಿರುತ್ತಿದ್ದರು.

"ನಾವು ಊರ ನೋಡಾಕ ಹೊಂಟೀವೋ, ಬಂಕ್ ನೋಡಾಕ ಹೊಂಟೀವೋ?" ಎಂದು ಒಮ್ಮೆ ನಮ್ಮ ಅಮ್ಮನ ಹತ್ತಿರ ಅಂದಿದ್ದರು.

ಕೊನೆಯ ಎಳ್ಳಮಾವಾಸ್ಯೆಗೆ ನಮ್ಮ ಮನೆಯಿಂದ ನಾನೊಬ್ಬಳೇ ಹೋಗಿದ್ದೆ. ಆಗ ನಾನು ಉಪ್ಪಲ್ ಕಡೆಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ, ಕೈಯಲ್ಲಿ ಸಂಬಳವಿತ್ತು. "ಈ ಸಲ ಹೊಳಿಗೇ ಹೋಗೂಣ್ರಿ" ಎಂದು ಕಾಕು ವಾರದಿಂದ ಹೇಳಿ ಒಪ್ಪಿಸಿದ್ದರು. ನಸುಕಿನಲ್ಲೇ ಎದ್ದು ಬುಟ್ಟಿ ತುಂಬಿದ್ದರು.

ಗೇಟಿನಲ್ಲಿ ಗುಮಾಸ್ತ ಬೋರ್ಡು ತೋರಿಸಿದ. "ಸೀಜನ್ ರೇಟು ಸಾರ್, ಡಬಲ್. ಬೋರ್ಡು ಚೂಡಂಡಿ."

ಕಾಕಾ ಕೆಂಪಾದರು. "ನೀರಿಗೆ ರೊಕ್ಕಾ, ಒಲಿಗೆ ರೊಕ್ಕಾ. ಇನ್ನ ಗಾಳಿಗೂ ಒಂದು ಚೀಟಿ ಹರೀರಿ!"

ಅವನಿಗೆ ಕನ್ನಡ ತಿಳಿಯಲಿಲ್ಲ. ಹಿಂದೆ ಕಾರುಗಳು ಹಾರ್ನ್ ಬಾರಿಸುತ್ತಿದ್ದವು.

"ಕಾಕಾ, ನಾ ಕೊಡ್ತೀನ್ರಿ" ಅಂದೆ.

"ರೊಕ್ಕದ ಮಾತಲ್ಲ ತಂಗಿ. ಇವತ್ತ ಕೊಟ್ರ ನಾಳಿ ಮತ್ತ ಏರಸ್ತಾರ. ಯಾರರ ಒಬ್ರು ಒಲ್ಲೆ ಅನಬೇಕೋ ಬ್ಯಾಡೋ?"

ನಾನು ಪರ್ಸು ತೆಗೆದೆ. ಅವರು ಗಾಡಿಯನ್ನೇ ತಿರುಗಿಸಿಬಿಟ್ಟರು. ಮರಗಳ ಸಂದಿಯಲ್ಲಿ ಹೊಳೆ ಕಾಣುತ್ತಿತ್ತು. ಅದು ಮರೆಯಾಗುವವರೆಗೂ ಕಾಕು ಕಿಟಕಿಯಲ್ಲಿ ಹಿಂದಕ್ಕೆ ತಿರುಗಿ ನೋಡುತ್ತಿದ್ದರು.

ಹೆದ್ದಾರಿಯ ಬಂಕೊಂದರ ಹಿಂದೆ, ಹಳೆಯ ಟಯರುಗಳ ರಾಶಿಯ ಪಕ್ಕ ನಿಂತೆವು. ಕಾಕು ಚರಗದ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡಿದರು. ಎಲ್ಲ ಕಡೆ ಡೀಸೆಲ್ ಚೆಲ್ಲಿದ ಸಿಮೆಂಟು ನೆಲ. ಒಂದು ಚೂರು ಕೈಗೆತ್ತಿಕೊಂಡವರು ಮತ್ತೆ ಬುಟ್ಟಿಗೇ ಹಾಕಿದರು. ಕಾಕಾ ನೀರು ತರಲು ಹೋದಾಗ ನನ್ನ ಕಡೆ ತಿರುಗಿ, "ಅವರ ಹಟಾ ಖರೇನ ಇರಬಹುದು, ತಂಗಿ. ಆದ್ರ ನನಗ ಹಟಾ ಬೇಕಾಗಿದ್ದಿಲ್ಲ, ಹೊಳಿ ಬೇಕಾಗಿತ್ತು" ಅಂದರು. ರೊಟ್ಟಿ ಮುರಿದರು, ಉಣ್ಣಲಿಲ್ಲ.

ಯುಗಾದಿಗೆ ಮೊದಲೇ ಕಾಕು ಹೋಗಿಬಿಟ್ಟರು. ಜ್ವರ ಎಂದು ಆಸ್ಪತ್ರೆ ಸೇರಿದವರು ಮರಳಲಿಲ್ಲ. ತಿಂಗಳ ಮೇಲೆ ಕಾಕಾ ನಮ್ಮ ಮನೆಗೆ ಬಂದು, ಅಮ್ಮ ಕೊಟ್ಟ ಚಹಾ ಮುಟ್ಟದೆ ನನ್ನನ್ನೇ ಕೇಳಿದರು: "ಅವತ್ತ ಬಂಕಿನ್ಯಾಗ ನಿನಗೇನರ ಅಂದಿದ್ಲೇನು?"

ಇಲ್ಲ ಅನ್ನಬಹುದಿತ್ತು. ಅವತ್ತು ಅವರು ಗಾಡಿ ತಿರುಗಿಸಿದ್ದಕ್ಕೆ ನನ್ನ ಸಿಟ್ಟು ಇನ್ನೂ ಆರಿರಲಿಲ್ಲ. ಕಾಕು ಅಂದದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ನನಗ ಒಂದ ಸಲಾನೂ ಅನಲಿಲ್ಲ ನೋಡು" ಅಂದು ಎದ್ದುಹೋದರು.

ವ್ಯಾನನ್ನು ಟಿಫಿನ್ ಮಾರುವವರೊಬ್ಬರು ಕೊಂಡರು. ಕಾಕಾ ಒಡಹುಟ್ಟಿದ ತಂಗಿಯ ಮನೆಗೆಂದು ವಿಜಾಪುರಕ್ಕೆ ಹೋದರು. ಎರಡು ವರ್ಷಕ್ಕೆ ಅವರು ತೀರಿಹೋದ ಸುದ್ದಿಯೂ ಬಂತು... ಅವರಿಗೆ ಅದನ್ನು ಹೇಳಬಾರದಿತ್ತು ಎಂದು ನನಗೆ ಅನಿಸಲು ಇಷ್ಟು ವರ್ಷ ಬೇಕಾದವು.

ಈಗ ನಾನು ಎಲ್ಲಿ ಹೋದರೂ ಗೇಟಿನಲ್ಲಿ ಕೇಳಿದಷ್ಟು ಕೊಟ್ಟುಬಿಡುತ್ತೇನೆ. ಪ್ರತಿ ವರ್ಷ ಹೆಚ್ಚೇ ಕೇಳುತ್ತಾರೆ. ಕಾಕಾ ಅಂದದ್ದು ಸುಳ್ಳಾಗಲಿಲ್ಲ, ಕಾಕು ಅಂದದ್ದೂ ಸುಳ್ಳಲ್ಲ. ಒಳಗೆ ಹೋಗಿ ನೀರಿನ ಎದುರು ಕೂತ ಮೇಲೂ ಎಷ್ಟೋ ಹೊತ್ತು ಸಿಟ್ಟು ಇಳಿಯುವುದಿಲ್ಲ. ಹಾಳಾದ್ದು, ಯಾರ ಮೇಲೆ ಅಂತಲೂ ತಿಳಿಯುವುದಿಲ್ಲ. ಜಗಳಾಡಿ ತೀರಿಸಿಕೊಳ್ಳೋಣವೆಂದರೆ ಆ ಇಬ್ಬರಲ್ಲಿ ಒಬ್ಬರೂ ಇಲ್ಲ.