ಕೊಟ್ಟಿಗೆಯ ಮೂಲೆ

ನನಗೆ ಇಪ್ಪತ್ತಾರಾಗಿದ್ದಾಗ ಮುಟ್ಟು ನಿಂತಿತು. ಮೊದಲು ಹಿಗ್ಗಿದವರು ಅತ್ತೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಸೊಸೆ ಬಸುರಾದಳೆಂದು ಚಿಕ್ಕರಸಿನಕೆರೆಯ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು. ನನ್ನ ಕೈಗೆ ಹುಣಿಸೆಕಾಯಿ ಕೊಟ್ಟು, ತಿನ್ನುವವರೆಗೂ ಎದುರಿಗೇ ನಿಲ್ಲುತ್ತಿದ್ದರು. ತಿಂಗಳುಗಳು ಕಳೆದರೂ ಹೊಟ್ಟೆ ಮಾತ್ರ ಇದ್ದ ಹಾಗೇ ಇತ್ತು.

ಗಂಡನಿಗೆ ಬ್ಲಫ್‌ನ ಕರೆಂಟ್ ತಯಾರಿಸುವ ಕೇಂದ್ರದಲ್ಲಿ ಕೆಲಸ. ರಜೆ ಹಾಕಿ ಬಂದು ನನ್ನನ್ನು ಮಂಡ್ಯದ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದರು. ಆಕೆ ಒಂದೆರಡು ಸಲ ಕರೆಸಿ ನೋಡಿ, ಐವತ್ತರ ಹತ್ತಿರ ನಿಲ್ಲಬೇಕಾದ ಅಂಡಾಶಯದ ಕೆಲಸ ನನಗೆ ಈಗಲೇ ನಿಂತಿದೆ, ಇನ್ನು ಮಕ್ಕಳ ಆಸೆ ಬೇಡ ಎಂದರು. ನಾನು ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತಿದ್ದೆ. ಅಳು ಬರಲಿಲ್ಲ. ಏನೂ ಬರಲಿಲ್ಲ.

ವಾಪಸು ಬರುವಾಗ ರೈಲು ಹನಕೆರೆಯಲ್ಲಿ ನಿಂತಿತು. ಗಂಡ ಆಗ ಬಾಯಿಬಿಟ್ಟರು. "ಅವ್ವಂಗೆ ಯೋಳ್ಬ್ಯಾಡ ಕಣೆ."

ಯಾಕೆಂದು ಕೇಳಬೇಕಿರಲಿಲ್ಲ. ನನಗೆ ಮಕ್ಕಳಾಗದಿದ್ದರೆ ಮಳವಳ್ಳಿಯಿಂದ ತಮ್ಮ ಅಣ್ಣನ ಮಗಳನ್ನು ಮಗನಿಗೆ ಎರಡನೇ ಹೆಂಡತಿಯಾಗಿ ತಂದುಕೊಳ್ಳುವ ಮಾತು ಅತ್ತೆ ಆಗಲೇ ಆಡಿದ್ದರು. ಬಸುರಲ್ಲವಂತೆ, ರಕ್ತ ಕಮ್ಮಿಯಾಗಿ ಮುಟ್ಟು ತಡವಾಗಿತ್ತಂತೆ ಎಂದು ಅವರಿಗೆ ಹೇಳಿದೆವು.

ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಕೊಟ್ಟಿಗೆಯ ಮೂಲೆಯಲ್ಲಿರಬೇಕು. ಮುಂದಿನ ತಿಂಗಳು ಚಾಪೆ ಸುತ್ತಿಕೊಂಡು ಹೋಗಿ ಕೂತೆ. ಅದರ ಮುಂದಿನ ತಿಂಗಳೂ ಕೂತೆ. ಶುಭ್ರವಾಗಿದ್ದ ಬಟ್ಟೆಯನ್ನೇ ಒಗೆದು ಒಣಗಹಾಕುತ್ತಿದ್ದೆ. ಅತ್ತೆ ದೂರದಿಂದ ತಟ್ಟೆ ತಳ್ಳಿ ಹೋಗುತ್ತಿದ್ದರು. ಎಮ್ಮೆ ನನ್ನನ್ನೂ ತಟ್ಟೆಯನ್ನೂ ನೋಡುತ್ತಿತ್ತು. ವರ್ಷ ಕಳೆದರೂ ಈ ನಾಟಕ ನಡೆದೇ ಇತ್ತು.

ಒಂದು ಚಳಿಗಾಲದ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಇದ್ದಕ್ಕಿದ್ದಂತೆ ಮೈಗೆಲ್ಲ ಬಿಸಿ ಏರಿ ಬೆವರಿದೆ. ಕೈಗೆ ಸಿಕ್ಕ ಮೊರದಿಂದ ಬೀಸಿಕೊಳ್ಳುತ್ತಾ ತಲೆಯೆತ್ತಿದರೆ, ಎದುರಿಗೆ ಅತ್ತೆ. ಚಳಿಗೆ ಸೆರಗನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡಿದ್ದರು.

"ನಂಗೆ ನಿಂತಾಗ್ಲೂ ಇಂಗೇ ಉರೀತಿತ್ತು ಕಣಮ್ಮಿ," ಎಂದರು. "ಎಷ್ಟ್ ತಿಂಗ್ಳಿಂದ ಸುಮ್‌ಸುಮ್ಕೆ ಬಂದು ಕುಂತ್ಕತಿದ್ದೀಯೆ?"

ಮಳವಳ್ಳಿಯ ಹುಡುಗಿ ಹೊಸಿಲು ದಾಟಿ ಬಂದೇಬಿಟ್ಟಳು ಎಂದುಕೊಂಡೆ.

"ಈ ಸಗಣಿ ವಾಸ್ನೇಲಿ ಕುಂತು ನನ್ ಮಗನ್ನ ಇಡ್ಕಂಡಿದ್ದೀಯ. ನಿನ್ ಮ್ಯಾಲೆ ಇನ್ಯಾರ್ನ ತರ್ಲಿ? ಆ ಎಣ್ಣಿಗೆ ಬ್ಯಾರೆ ಗಂಡು ನೋಡ್ಲಿ ಅಂತ ನಮ್ಮಣ್ಣಂಗೆ ಯೋಳ್ ಕಳುಸ್ತೀನಿ. ಎದ್ದು ಒಳೀಕ್ ಬಾ."

ಬದುಕಿದೆಯಾ ಬಡಜೀವವೇ ಎಂದು ಸಮಾಧಾನಪಡಬೇಕಿತ್ತು. ಚಾಪೆ ಸುತ್ತಿ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ. ಆಗ ತಿಳಿಯಿತು, ಕೊಟ್ಟಿಗೆಯಲ್ಲಿ ಕೂತಷ್ಟು ಕಾಲ, ನನಗಿನ್ನೂ ಮುಟ್ಟಾಗುತ್ತದೆಂಬ ಆ ಸುಳ್ಳನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ನಾನೇ ಎಂದು. ಇನ್ನು ನನ್ನನ್ನು ಯಾವ ತಿಂಗಳೂ ಯಾರೂ ಹೊರಗೆ ಕೂರಿಸುವುದಿಲ್ಲ. ಮಂಡ್ಯದಲ್ಲಿ ಬಾರದ ಅಳು ಹಿಟ್ಟು ತೊಳಸುವಾಗ ಬಂತು. ಅತ್ತೆ ನನ್ನ ಕೈಯಿಂದ ಕೋಲು ಇಸಕೊಂಡು ತಾವೇ ತೊಳಸಿದರು.