ಆಂಟೆನಾ ಎಣಿಸಿ ಹೇಳಿದ ಭವಿಷ್ಯ

ಮೊನ್ನೆ ಅಂಗಡಿಯ ಅಟ್ಟ ಗುಡಿಸುವಾಗ ಹಳದಿ ಬಣ್ಣದ ವಿಡಿಯೊ ಗೇಮ್ ಕ್ಯಾಸೆಟ್ಟೊಂದು ಕೈಗೆ ಸಿಕ್ಕಿತು. ನಂಬುತ್ತೀರೋ ಇಲ್ಲವೋ, ಐವತ್ತು ಸಮೀಪಿಸಿದ ಹೆಂಗಸು ನಾನು, ಅದನ್ನು ಬಾಯಿಗೆ ಹಿಡಿದು ಉಫ್ ಎಂದು ಊದಿಬಿಟ್ಟೆ. ಆ ಕಾಲದಲ್ಲಿ ಆಡಿದವರಿಗೆ ಗೊತ್ತು, ಊದದೆ ಯಾವ ಕ್ಯಾಸೆಟ್ಟೂ ಓಡುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನಮ್ಮಪ್ಪನದು ರೇಡಿಯೊ, ಟಿವಿ ರಿಪೇರಿ ಅಂಗಡಿ. ನಾನು ಆಗಷ್ಟೇ ಬಿ.ಕಾಂ. ಮುಗಿಸಿ, ಊರಿಗೆಲ್ಲ ಬುದ್ಧಿ ಹೇಳುವ ಹುರುಪಿನಲ್ಲಿದ್ದೆ. ಎರಡು ಥರದ ಗೇಮುಗಳು ನಮ್ಮ ಕಡೆಗೂ ಬಂದಿದ್ದವು. ಒಂದು ಟಿವಿಗೆ ಸಿಕ್ಕಿಸಿ ಆಡುವುದು, ಇನ್ನೊಂದು ಸೆಲ್ ಹಾಕಿ ಕೈಯಲ್ಲೇ ಹಿಡಿದು ಇಟ್ಟಿಗೆ ಜೋಡಿಸುವುದು. ನಮ್ಮ ಗೇಣುದ್ದದ ಅಂಗಡಿಯಲ್ಲಿ ಜಾಗವಿದ್ದದ್ದು ಒಂದಕ್ಕೇ. ದೀಪಾವಳಿಗೆ ಯಾವುದು ಹೆಚ್ಚು ಹೋಗುತ್ತೆ?

"ನೀನೇ ಹೇಳು," ಅಂದರು ಅಪ್ಪ. "ನಿನ್ ಮಾತು ನಿಜ ಆದ್ರೆ ಅಂಗಡಿ ನಿನ್ ಕೈಗೆ. ತಪ್ಪಿದ್ರೆ ಸುಮ್ನೆ ಬ್ಯಾಂಕ್ ಪರೀಕ್ಷೆಗೆ ಕೂತ್ಕೋ."

ನನಗೆ ಬ್ಯಾಂಕು ಬೇಡವಾಗಿತ್ತು. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ, ಹೊಟ್ಟೆ ಬಿಚ್ಚಿಕೊಂಡು ಮಲಗಿದ ರೇಡಿಯೊಗಳು, ಆ ಅಂಗಡಿ ಅಂದರೆ ನನಗೆ ಪ್ರಾಣ. ಸರಿ, ಬೇಲೂರು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು, ಜಾವಗಲ್, ಹಳೇಬೀಡು ಅಂತ ದಾರಿಯುದ್ದಕ್ಕೂ ಮನೆಗಳ ಮೇಲಿನ ಆಂಟೆನಾ ಎಣಿಸಿದೆ. ಎಲ್ಲೆಲ್ಲಿಂದಲೋ ಜನ ಹಳೇಬೀಡಿಗೆ ಶಿಲ್ಪ ನೋಡಲು ಬರುತ್ತಾರೆ, ನಾನು ಹೆಂಚು ನೋಡಿಕೊಂಡು ಬಂದೆ.

"ಏನಮ್ಮಾ, ಕಾಗೆ ಲೆಕ್ಕ ಹಾಕ್ತಿದೀಯಾ?" ಅಂತ ಕಂಡಕ್ಟರೂ ಕೇಳಿಬಿಟ್ಟ.

"ಎಲ್ಲರ ಮನೇಲೂ ಟಿವಿ ಇದೆ ಅಪ್ಪ. ಟಿವಿ ಗೇಮೇ ಗೆಲ್ಲೋದು," ಅಂದೆ ಅಂಗಡಿಗೆ ವಾಪಸ್ಸು ಬಂದು.

"ಜಂಕ್ಷನ್ ಊರು ಕಣೇ ಇದು. ರೈಲಿಗೆ ಕಾಯೋರ ಕೈಗೆ ಏನಾದ್ರೂ ಬೇಕಲ್ವಾ?" ಎಂದು ಅಪ್ಪ ತಲೆ ಕೆರೆದುಕೊಂಡರು. ಆದರೂ ನಾನು ಹೇಳಿದ್ದನ್ನೇ ತರಿಸಿದರು.

ಮಣ್ಣು ಮುಕ್ಕಿದೆ ಬಿಡಿ! ಎದುರಂಗಡಿಯಲ್ಲಿ ಕೈಗೇಮು ಕಡ್ಲೆಪುರಿ ಹಾಗೆ ಖರ್ಚಾಯಿತು. ನಮ್ಮಲ್ಲಿ ಹೋಗಿದ್ದ ನಾಲ್ಕಾರರಲ್ಲೂ ಒಂದು ವಾಪಸ್ಸು ಬಂತು. ತಂದವರು ಬಾಣಾವರದ ಒಬ್ಬ ಹೆಂಗಸು.

"ಸಂಜೆ ಆದ್ರೆ ನಮ್ಮತ್ತೆಗೆ ಸೀರಿಯಲ್ ಬೇಕು ಕಣಣ್ಣ," ಅಂದರು ಅಪ್ಪನಿಗೆ. "ಮಕ್ಳು ಇದನ್ನ ಸಿಕ್ಸಕ್ಕೆ ಹೋದ್ರೆ ಮನೇಲಿ ಕುರುಕ್ಷೇತ್ರ. ನಮಗೆ ಬ್ಯಾಡ."

ಅಯ್ಯೋ, ನನ್ನ ಬಿ.ಕಾಂ.ಗೆ ಬೆಂಕಿ ಬಿತ್ತು. ಆಂಟೆನಾ ಎಣಿಸಿದ್ದೆ, ಅದರ ಕೆಳಗೆ ಯಾರು ಕೂರುತ್ತಾರೆ ಅಂತ ಒಬ್ಬರನ್ನೂ ಕೇಳಿರಲಿಲ್ಲ. ಅಂಗಡಿ ಹಿಂದೆ ಹೋಗಿ ಗೊಳೋ ಅಂತ ಅತ್ತೆ.

ಕಣ್ಣೊರೆಸಿಕೊಂಡು ಬರುವಾಗ ಅಪ್ಪ ಆಕೆಯನ್ನು ಕೇಳುತ್ತಿದ್ದರು, "ಕಲರ್ ಟಿವಿ ತಗೊಂಡ್ರಲ್ಲ, ಹಳೇ ಬ್ಲ್ಯಾಕ್ ಅಂಡ್ ವೈಟ್ ಏನ್ ಮಾಡಿದ್ರಮ್ಮಾ?"

"ಕೆಟ್ಟು ಮೂಲೇಲಿ ಬಿದ್ದೈತೆ."

"ತಗೊಂಬನ್ನಿ. ಅತ್ತೆಗೆ ಕಲರ್ ಇರ್ಲಿ, ಮಕ್ಳಿಗೆ ಅದು."

ಸುದ್ದಿ ಹಬ್ಬಿತು. ಜನ ಕಂಬಳಿಯಲ್ಲಿ ಸುತ್ತಿದ ಹಳೇ ಟಿವಿಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಅಪ್ಪ ಬೆನ್ನು ಬಗ್ಗಿಸಿ ಒಂದೊಂದಕ್ಕೂ ಜೀವ ಕೊಟ್ಟರು, ಅದರ ಜೊತೆಗೊಂದು ಗೇಮು ಹೋಯಿತು. ಯುಗಾದಿ ಹೊತ್ತಿಗೆ ಕಪಾಟು ಖಾಲಿ. "ನಮ್ ಹುಡುಗಿ ಹೇಳಿದ್ದೇ ಆಯ್ತು ನೋಡಿ, ಸ್ವಲ್ಪ ತಡ ಆಯ್ತು ಅಷ್ಟೆ," ಎಂದು ಬಂದವರಿಗೆಲ್ಲ ಹೇಳಿಕೊಂಡು ಬೀಗದಕೈ ನನಗೆ ಕೊಟ್ಟರು. ನಾಚಿಕೆಯಿಲ್ಲದೆ ತೆಗೆದುಕೊಂಡೆ. ಆದರೆ ಅದು ಕರುಣೆಗೆ ಸಿಕ್ಕ ಅಂಗಡಿ ಅಂತ ಒಳಗೊಳಗೇ ಚುಚ್ಚುತ್ತಲೇ ಇತ್ತು.

ನಿನ್ನೆ ಯಾವುದೋ ಕಂಪನಿಯ ಹುಡುಗ ಹೊಸ ಗೇಮುಗಳ ಆರ್ಡರ್ ಕೇಳಲು ಬಂದಿದ್ದ. ಕುರ್ಚಿಯಲ್ಲಿ ಕೂತಿದ್ದ ಅಪ್ಪ, ಎಂಬತ್ತಾದರೂ ಬಿಡದೆ, ಮತ್ತದೇ 'ನಮ್ ಹುಡುಗಿ ಹೇಳಿದ್ದೇ ಆಯ್ತು' ಅನ್ನುವ ಜಂಬ ಶುರುಮಾಡಿದರು. ಅವನು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

"ಅಪ್ಪ, ಅವತ್ತು ನಾನು ಸೋತಿದ್ದೆ. ಅಯ್ಯೋ ಪಾಪ ಅಂತ ತಾನೇ ಅಂಗಡಿ ಕೊಟ್ಟಿದ್ದು?"

"ಪಾಪಾನೂ ಇಲ್ಲ, ಪುಣ್ಯಾನೂ ಇಲ್ಲ," ಅಂದರು. "ಗೆದ್ದಿದ್ರೆ ಬ್ಯಾಂಕಿಗೇ ಕಳಿಸ್ತಿದ್ದೆ ಕಣೇ. ಗೆದ್ದಿದ್ರೆ ನೀನು ಈ ಜನ್ಮದಲ್ಲಿ ಯಾರನ್ನೂ ಏನೂ ಕೇಳ್ತಿರ್ಲಿಲ್ಲ. ನೀನು ಅತ್ತ ಮಾರನೇ ದಿನದಿಂದ ಬಂದೋರನ್ನೆಲ್ಲ ಕೂರಿಸ್ಕೊಂಡು ಮನೆ ಸಮಾಚಾರ ಕೇಳೋಕೆ ಶುರು ಮಾಡ್ದೆ ನೋಡು, ಅಂಗಡಿ ಅವತ್ತೇ ನಿನ್ನದಾಯ್ತು."

ಅಪ್ಪನ ಪಕ್ಕ ಕೂತು ಕೈ ಹಿಡಿದುಕೊಂಡೆ.

ಕಂಪನಿಯ ಹುಡುಗನಿಗೆ ಇನ್ನೂ ಉತ್ತರ ಹೇಳಿಲ್ಲ. ಇವತ್ತು ಬೆಳಗಿನಿಂದ ಬಂದವರನ್ನೆಲ್ಲ ವಿಚಾರಿಸುತ್ತಿದ್ದೇನೆ. ಇಷ್ಟು ಹೊತ್ತು ಜೊತೆಗಿದ್ದೀರಿ, ನೀವೂ ಹೇಳಿ: ನಿಮ್ಮ ಮನೆಯಲ್ಲಿ ಸಂಜೆ ಟಿವಿ ಯಾರ ಕೈಯಲ್ಲಿರುತ್ತೆ?