ಕೆಳಮನೆ ಅಂಕಲ್ ಹಾಕಿದ ಟಿಕ್

ಯಾವ ವಸ್ತು ಕೈಗೆ ಸಿಕ್ಕರೂ ಅದರ ಅಂಚಿನ ಮೇಲೆ ಒಮ್ಮೆ ಹೆಬ್ಬೆರಳು ಆಡಿಸದೆ ಕೆಳಗಿಡುವವರಲ್ಲ ನಮ್ಮ ಕೆಳಮನೆ ಅಂಕಲ್. ಕಾಫಿ ಲೋಟ, ಮದುವೆ ಕಾರ್ಡು, ಮನೆ ಗೇಟು, ಎಲ್ಲಕ್ಕೂ ಅದೇ ಮರ್ಯಾದೆ. ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಸವರಿ ನೋಡಿ, ಅಳೆದು ಪಾಸ್ ಮಾಡುವುದೇ ಜೀವಮಾನದ ಕೆಲಸ. ರಿಟೈರ್ ಆದ ಮೇಲೂ ಬೆರಳು ಮಾತು ಕೇಳುತ್ತಿರಲಿಲ್ಲ.

ಟಿನ್ ಫ್ಯಾಕ್ಟರಿ ಜಂಕ್ಷನ್ ಹತ್ತಿರ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡ ಮೇಲೆ ನಾನು ಗಾಡಿ ಮುಟ್ಟಿರಲಿಲ್ಲ. ಅಷ್ಟರಲ್ಲಿ ಕೆ.ಆರ್. ಪುರದ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಬೆಳಗಿನ ಜಾವದ ಶಿಫ್ಟು, ಆ ಹೊತ್ತಿಗೆ ನಮ್ಮ ಕಡೆಯಿಂದ ಬಸ್ಸಿಲ್ಲ. ಗಾಡಿ ಓಡಿಸಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಸೇರಲು ಕೊಟ್ಟಿದ್ದು ತಿಂಗಳ ಗಡುವು. ಗೆಳತಿಯ ಮಾತು ಕೇಳಿ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡು, ‘ದಿನಾ ಗಾಡಿ ಓಡಿಸುವುದು’ ಎಂದು ಗುರಿ ಬರೆದೆ. ಮಾಡಿದ ದಿನ ಟಿಕ್ ಒತ್ತಿದರೆ ಪರದೆ ತುಂಬ ಬಣ್ಣದ ಕಾಗದ ಹಾರಾಡುತ್ತದೆ. ಮೊದಲ ದಿನ ಕಾಂಪೌಂಡಿನೊಳಗೆ ಇಂಜಿನ್ ಸ್ಟಾರ್ಟ್ ಮಾಡಿ, ಆಫ್ ಮಾಡಿ, ಖುಷಿಯಾಗಿ ಟಿಕ್ ಒತ್ತಿದೆ.

ಅಂಕಲ್ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಏನೆಂದು ಕೇಳಿದರು, ಹೇಳಿದೆ.

“ಇದೇನಮ್ಮಾ, ಮಾಡೋಳೂ ನೀನೇ, ಸೈ ಹಾಕೋಳೂ ನೀನೇ? ನಮ್ಮಲ್ಲಿ ಹಾಗೆ ನಡೆಯಲ್ಲ. ಮಾಡಿದ್ದು ಒಬ್ರು, ನೋಡೋದು ಇನ್ನೊಬ್ರು. ಕೊಡು ಇಲ್ಲಿ ಫೋನು.”

ಹೀಗೆ ಶುರುವಾಯಿತು. ಅವರ ಫೋನಿಗೂ ಅದೇ ಆ್ಯಪ್ ಬಂತು, ‘ಸಿಹಿ ಬಿಡುವುದು’ ಎಂಬ ಗುರಿಯೊಂದಿಗೆ. ಪ್ರತಿ ಸಂಜೆ ಫೋನು ಅದಲುಬದಲು. ಅವರ ಟಿಕ್ ನಾನು ಹಾಕಬೇಕು, ನನ್ನದನ್ನು ಅವರು. ಒಂದು ಸಂಜೆ ಕೆಳಗಿನಿಂದಲೇ ಕೂಗಿದರು: “ಇವತ್ತು ನಂದು ರಿಜೆಕ್ಟ್ ಮಾಡಮ್ಮಾ! ಹಲಸೂರಲ್ಲಿ ಜಹಾಂಗೀರ್ ತಿಂದ್ಬಿಟ್ಟೆ.” ನಗು ತಡೆಯಲಾಗಲಿಲ್ಲ.

ನನ್ನ ವಿಷಯದಲ್ಲಿ ಮಾತ್ರ ನಗುವಿರಲಿಲ್ಲ. ಗೇಟಿನ ಮುಂದಿನ ತಿರುವಿನಲ್ಲಿ ಕಾಲು ಊರಿದರೆ ರಿಜೆಕ್ಟ್, ಕನ್ನಡಿ ನೋಡದಿದ್ದರೆ ರಿಜೆಕ್ಟ್. ಒಮ್ಮೆ ರೇಗಿಯೇಬಿಟ್ಟೆ. “ಇದೇನು ವಿಮಾನಾನಾ ಅಂಕಲ್?”

“ಮೇಲೆ ಕೂರೋಳು ನೀನು ತಾನೇ? ನಂಗೆ ಅಷ್ಟು ಸಾಕು,” ಎಂದರು.

ಆ ಮಾತು ಎದೆಗೆ ನಾಟಿತು. ಮಾರನೆಯ ದಿನ ಬೀದಿ ಕೊನೆಯವರೆಗೆ ಹೋದೆ. ಆಮೇಲೆ ಮಾರುಕಟ್ಟೆ, ಆಮೇಲೆ ಇಂದಿರಾನಗರದ ನೂರಡಿ ರಸ್ತೆ! ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದು ಎಲ್ಲರ ಜೊತೆ ನಾನೂ ಮುಂದೆ ನುಗ್ಗಿದಾಗ ಹೆಲ್ಮೆಟ್ಟಿನೊಳಗೆ ಒಬ್ಬಳೇ ಕಿರುಚಿದ್ದೆ. ಎಲ್ಲಿ, ಹೇಗೆ ಓಡಿಸಿದೆ ಎಂದು ಕೇಳಿ ಅಂಕಲ್ ಟಿಕ್ ಹಾಕಿದ ಸಂಜೆ ಮನೆಯಲ್ಲಿ ಹಬ್ಬ. ಆದರೆ ಲ್ಯಾಬಿಗೆ ಹೋಗಲು ದಾಟಲೇಬೇಕಾದ ಟಿನ್ ಫ್ಯಾಕ್ಟರಿ ಕಡೆಗೆ ಮಾತ್ರ ತಿರುಗಿರಲಿಲ್ಲ. ಗಡುವು ಮುಗಿಯುತ್ತ ಬಂದಿತ್ತು.

ಒಂದು ಭಾನುವಾರ ಬೆಳಗ್ಗೆ ಅಂಕಲ್ ತಾವೇ ಹೆಲ್ಮೆಟ್ ಹಾಕಿಕೊಂಡು ಬಂದು ನನ್ನ ಗಾಡಿಯ ಹಿಂದೆ ನಿಂತರು. “ಕೆ.ಆರ್. ಪುರಕ್ಕೆ ನಡಿ.”

ಆಂಟಿ ಅಡುಗೆಮನೆ ಕಿಟಕಿಯಿಂದ ಕೂಗಿದರು: “ರೀ, ಟೂ ವೀಲರ್ ಅಂದ್ರೆ ನಡುಗೋರು ನೀವು!”

“ಪಾಸ್ ಮಾಡ್ದೋನು ಹತ್ತಿ ಕೂರ್ಬೇಕು ಕಣೇ.”

ಟಿನ್ ಫ್ಯಾಕ್ಟರಿ ಬಂತು. ಎಡಕ್ಕೆ ಬಸ್ಸು, ಬಲಕ್ಕೆ ಲಾರಿ, ಮಧ್ಯೆ ನಾವಿಬ್ಬರು. ಹಿಂದೆ ಕೂತವರು ನನ್ನ ಹೆಗಲು ಹಿಡಿಯಲಿಲ್ಲ. ನಾನು ಬಿದ್ದ ಜಾಗ ದಾಟಿದ್ದು ಗೊತ್ತಾದದ್ದು ಕೆ.ಆರ್. ಪುರದ ತೂಗುಸೇತುವೆ ಕಂಡಾಗಲೇ! ಲ್ಯಾಬಿನ ಮುಂದೆ ಇಳಿದು ಅಂಕಲ್ ನನ್ನ ಫೋನು ಕೇಳಿದರು. ಟಿಕ್ ಹಾಕಿದರು. ಮತ್ತೇನನ್ನೋ ಒತ್ತಿ, ಗುರಿಯನ್ನೇ ಅಳಿಸಿಬಿಟ್ಟರು.

“ಅಯ್ಯೋ, ಯಾಕೆ ಅಂಕಲ್?”

“ಊಟ ಮಾಡೋಕೆ ಟಿಕ್ ಹಾಕ್ತೀಯಾ? ಇದೂ ಹಂಗೇ ಇನ್ಮೇಲೆ.”

ಮರುದಿನವೇ ಕೆಲಸಕ್ಕೆ ಸೇರಿದೆ. ಇವತ್ತಿಗೂ ಅದೇ ಲ್ಯಾಬು, ಅದೇ ದಾರಿ.

ಕಳೆದ ವರ್ಷ ಅಂಕಲ್ ಆಸ್ಪತ್ರೆಯಲ್ಲಿದ್ದರು. ‘ಬೇಗ ಬನ್ನಿ’ ಎಂದು ಫೋನು ಬಂದ ಬೆಳಗ್ಗೆ ಆಂಟಿ ಆಟೊ ಹುಡುಕಲಿಲ್ಲ. ಸೀದಾ ಮೆಟ್ಟಿಲು ಹತ್ತಿ ಬಂದು, “ನೀನೇ ಕರ್ಕೊಂಡ್ಹೋಗು. ನಿನ್ನ ಹಿಂದೆ ಕೂರೋಕೆ ಹೆದರ್ಬೇಡ ಅಂದಿದ್ರು ಅವ್ರು,” ಎಂದರು. ಹೆಲ್ಮೆಟ್ ಕೊಟ್ಟು ಹಿಂದೆ ಕೂರಿಸಿಕೊಂಡೆ, ಕನ್ನಡಿ ನೋಡಿಕೊಂಡೇ ಹೊರಟೆ. ಅಂಕಲ್ ಕಣ್ಣು ಮುಚ್ಚುವ ಮುಂಚೆ ಆಂಟಿಯನ್ನು ಅವರ ಮಗ್ಗುಲಿಗೆ ತಲುಪಿಸಿದೆ.